ಒಂದು ಸುತ್ತು ಸ್ಪ್ರಿಂಗ್

ಮಾರ್ಚ್ ೩, ಸೋಮವಾರ

ಇವತ್ತಿನದನ್ನು ಇವತ್ತೇ ಬರೆದಿಡುತ್ತೇನೆ. ನಾಳೆಗೆ ಬಿಟ್ಟರೆ ಆಫೀಸಿನವರು ಒಂದು ಕಥೆ, ಮನೆಯವರು ಒಂದು ಕಥೆ ಕಟ್ಟಿ, ನನ್ನ ಕಣ್ಣು ಕಂಡದ್ದೇ ನನಗೆ ಮರೆತುಹೋಗುತ್ತದೆ.

ಸಂಜೆ ನಾಲ್ಕು ಗಂಟೆ ಹತ್ತು ನಿಮಿಷ. ಹಗಲು ಪಾಳಿಯ ಕಾವಲುಗಾರರು ಬ್ಯಾಂಕಿನ ಹಣ ಸಾಗಿಸುವ ವ್ಯಾನುಗಳಿಂದ ಇಳಿದು ಬಟ್ಟೆ ಬದಲಿಸುವ ಕೋಣೆಗೆ ಹೋಗಿದ್ದರು. ನಾನು ಪಕ್ಕದ ಆಯುಧದ ಕೋಣೆಯಲ್ಲಿ ರಿಜಿಸ್ಟರ್ ತೆರೆದು, ಪಿಸ್ತೂಲು ಒಪ್ಪಿಸಲು ಬರಲಿ ಎಂದು ಕಾಯುತ್ತಿದ್ದೆ. ಗೋಡೆಯಾಚೆ ಗುಂಡು ಹಾರಿತು. ಒಂದೇ. ಮುಚ್ಚಿದ ಕೋಣೆಯಲ್ಲಿ ಅದು ಎಷ್ಟು ಜೋರಾಗಿರುತ್ತದೆಂದರೆ, ಆಮೇಲೆ ಸ್ವಲ್ಪ ಹೊತ್ತು ಯಾರ ಬಾಯಿ ಅಲ್ಲಾಡಿದರೂ ಮಾತು ಕೇಳಿಸುವುದಿಲ್ಲ.

ಓಡಿಹೋದೆ. ವ್ಯಾನಿನ ಡ್ರೈವರ್ ಬೆಂಚಿನ ಮೇಲೆ ಕೂತು ತನ್ನ ಬೂಟನ್ನೇ ನೋಡುತ್ತಿದ್ದ. ಮೀನಖಂಡದಿಂದ ರಕ್ತ ಇಳಿದು ಬೂಟಿನೊಳಗೆ ಹೋಗುತ್ತಿತ್ತು. ಈ ಮನುಷ್ಯನಿಗೆ ನಾವೆಲ್ಲ ಗಡಿಯಾರ ಎನ್ನುತ್ತೇವೆ. ಹದಿನೆಂಟು ವರ್ಷದಲ್ಲಿ ಒಂದು ನಿಮಿಷ ತಡವಾಗಿ ಬಂದವನಲ್ಲ. ಪಿಸ್ತೂಲು ಬೆಂಚಿನ ಕೆಳಗೆ ಬಿದ್ದಿತ್ತು. ಎದುರು ಗೋಡೆಗೆ ಬೆನ್ನು ಹಚ್ಚಿ, ಎರಡೂ ಕೈಗಳನ್ನು ಭುಜದ ಮಟ್ಟಕ್ಕೆ ಎತ್ತಿಕೊಂಡು ನಿಂತವನು ನನ್ನ ಅಳಿಯ.

"ಬೆಲ್ಟ್ ಬಿಚ್ತಾ ಇದ್ದೆ ಅತ್ತೆ. ಜಾರಿ ಬಿತ್ತು. ಬಿದ್ದ ತಕ್ಷಣ ಹೊಡೀತು. ನಾನು ಮುಟ್ಟಲಿಲ್ಲ," ಎಂದ.

"ನನ್ನ ಕೈಯಿಂದ ಹೋದ ಪಿಸ್ತೂಲು ಬಿದ್ರೆ ಹೊಡೆಯಲ್ಲ," ಎಂದೆ.

ಎಂಟು ಜನರ ಮುಂದೆ ಎಂದೆ. ಅದಕ್ಕೇನು, ಇದ್ದದ್ದನ್ನೇ ಎಂದೆ. ಈಗಿನ ಪಿಸ್ತೂಲಿನೊಳಗೆ ಕಾಡತೂಸಿನ ಬೆನ್ನಿಗೆ ಬಡಿಯುವ ಒಂದು ಪಿನ್ನಿರುತ್ತದೆ. ಆ ಪಿನ್ನಿಗೆ ಅಡ್ಡವಾಗಿ ಕಡಲೆಕಾಳಿನಷ್ಟು ದೊಡ್ಡ ಒಂದು ಬ್ಲಾಕ್ ಇರುತ್ತದೆ. ಅದನ್ನು ಪುಟ್ಟ ಸ್ಪ್ರಿಂಗೊಂದು ಜಾಗದಲ್ಲಿ ಒತ್ತಿ ಹಿಡಿದಿರುತ್ತದೆ. ಬೆರಳು ಟ್ರಿಗರ್ ಎಳೆದಾಗ ಮಾತ್ರ ಬ್ಲಾಕ್ ಸರಿದು ದಾರಿ ಬಿಡುತ್ತದೆ. ಇಲ್ಲದಿದ್ದರೆ ಮಾಳಿಗೆಯಿಂದ ಎಸೆದರೂ ಪಿನ್ನು ಮಿಸುಕುವುದಿಲ್ಲ. ಇಪ್ಪತ್ತೆರಡು ವರ್ಷದಿಂದ ಈ ಕಂಪನಿಯ ಪಿಸ್ತೂಲುಗಳನ್ನು ಬಿಚ್ಚಿ, ಒರೆಸಿ, ಜೋಡಿಸುತ್ತಿರುವವಳು ನಾನು. ಹೊಲಿಗೆ ಯಂತ್ರ ರಿಪೇರಿ ಮಾಡುತ್ತಿದ್ದ ಹೆಂಗಸಿಗೆ ಆಯುಧದ ಕೋಣೆ ಕೊಟ್ಟರು ಎಂದು ನಕ್ಕವರೆಲ್ಲ ಈಗ ನಿವೃತ್ತರಾಗಿದ್ದಾರೆ. ಒಬ್ಬರಿಗೂ ನನ್ನ ಕೆಲಸದಲ್ಲಿ ಒಂದು ತಪ್ಪು ತೋರಿಸಲಾಗಲಿಲ್ಲ.

ಅಳಿಯನ ತಪ್ಪಂತೂ ಕಣ್ಣಿಗೆ ಹೊಡೆಯುತ್ತದೆ. ಪಾಳಿ ಮುಗಿಸಿ ಬಂದವರು ಮೊದಲು ಅಂಗಳದ ಮರಳಿನ ಡ್ರಮ್ಮಿನ ಮುಂದೆ ನಿಲ್ಲಬೇಕು. ಪಿಸ್ತೂಲಿನ ಬಾಯಿ ಮರಳಿಗೆ ತಿರುಗಿಸಿ, ಕಾಡತೂಸು ತುಂಬಿದ ಮ್ಯಾಗಜಿನ್ ತೆಗೆದು, ಮೇಲಿನ ಸ್ಲೈಡ್ ಎಳೆದು, ನಳಿಗೆಯೊಳಗೆ ಉಳಿದ ಒಂದು ಕಾಡತೂಸನ್ನೂ ಉದುರಿಸಿ, ಕಣ್ಣಿಂದ ನೋಡಿ, ಬೆರಳು ತೂರಿಸಿ ನೋಡಿ, ಆಮೇಲೆ ಒಳಗೆ ಬರಬೇಕು. ಇವನು ಕೈ ತೊಳೆದು ಬಂದು ಮಾಡೋಣ ಎಂದು ತುಂಬಿದ ಪಿಸ್ತೂಲಿನೊಂದಿಗೆ ಒಳಗೆ ಹೋಗಿದ್ದಾನೆ. ಇಷ್ಟು ಸಡಿಲ ಇರುವವನು ಟ್ರಿಗರಿನ ಮೇಲೆ ಬೆರಳಿಟ್ಟಿರಲಿಲ್ಲ ಎಂದು ನಾನು ಹೇಗೆ ನಂಬಲಿ? ಕುಣಿಯಲಾರದವಳು ನೆಲ ಡೊಂಕು ಅಂದಳಂತೆ.

ಪೊಲೀಸರು ಪಿಸ್ತೂಲನ್ನು ಚೀಲಕ್ಕೆ ಹಾಕಿ ಮೊಹರು ಹಾಕಿಕೊಂಡು ಹೋದರು. ಅಳಿಯನ ಪರವಾನಗಿ ಕಿತ್ತುಕೊಂಡರು. ತಪ್ಪು ಸಾಬೀತಾದರೆ ಅವನು ಜನ್ಮದಲ್ಲಿ ಈ ಕೆಲಸ ಮಾಡುವಂತಿಲ್ಲ. ಜೈಲೂ ಆಗಬಹುದಂತೆ.

ಮಾರ್ಚ್ ೪, ಮಂಗಳವಾರ

ಬೆಳಿಗ್ಗೆಯೇ ಮ್ಯಾನೇಜರ್ ಸಾಹೇಬರು ಕರೆಸಿದರು. ಎಂಥ ಸೆಕೆಯಲ್ಲೂ ಅಂಗಿಯ ಮಡಿಕೆ ಮುರಿಯದ ಮನುಷ್ಯ. ಕಾವಲುಗಾರರು ಹಿಂದಿನಿಂದ ಇಸ್ತ್ರಿ ಎನ್ನುತ್ತಾರೆ. ಹೇಳಿಕೆ ಟೈಪಾಗಿ ಮೇಜಿನ ಮೇಲಿತ್ತು. ಸದರಿ ಪಿಸ್ತೂಲಿನಲ್ಲಿ ಯಾವುದೇ ದೋಷವಿರಲಿಲ್ಲ, ಟ್ರಿಗರ್ ಒತ್ತದೆ ಗುಂಡು ಹಾರುವುದು ಅಸಾಧ್ಯ, ಎಂದು.

"ಅಳಿಯ ಅಂತ ಹಿಂದೆಮುಂದೆ ನೋಡ್ತೀರೇನೋ ಅಂದ್ಕೊಂಡಿದ್ದೆ," ಎಂದರು.

"ಆಯುಧದ ಕೋಣೇಲಿ ನನಗೆ ಅಳಿಯನೂ ಇಲ್ಲ, ಮಗಳೂ ಇಲ್ಲ ಸಾರ್."

ಸಹಿ ಹಾಕಿದೆ. ಸ್ವಲ್ಪ ದೊಡ್ಡದಾಗಿಯೇ ಹಾಕಿದೆ.

ಮಾರ್ಚ್ ೬, ಗುರುವಾರ

ಮಗಳು ಅಳಿಯ ನಮ್ಮ ಮನೆಯ ಮಹಡಿಯಲ್ಲೇ ಇದ್ದಾರೆ. ದಿನಾ ಬೆಳಿಗ್ಗೆ ಅವಳು ಕೆಳಗಿಳಿದು ನನ್ನ ಲೋಟದ ಚಹಾದಲ್ಲಿ ಅರ್ಧ ಕುಡಿದು ಹೋಗುವುದು ಅಭ್ಯಾಸ. ಮೂರು ದಿನದಿಂದ ನನ್ನ ಚಹಾ ಪೂರ್ತಿ ನನಗೇ ಉಳಿಯುತ್ತಿದೆ. ಇವತ್ತು ಬಂದಳು, ಆದರೆ ಕೂರಲಿಲ್ಲ. ಮೆಟ್ಟಿಲ ಮೇಲೆ ನಿಂತೇ ಮಾತಾಡಿದಳು.

"ಸಹಿ ಹಾಕೋಕೆ ಮುಂಚೆ ಅವರನ್ನ ಒಂದು ಮಾತು ಕೇಳಿದ್ಯಾ ಅಮ್ಮ?"

"ಕೇಳೋದೇನಿದೆ. ಬೀಳೋ ಪಿಸ್ತೂಲನ್ನ ಹಿಡಿಯೋಕೆ ಹೋಗಿರ್ತಾನೆ. ಗಾಳೀಲಿ ಹಿಡಿಯೋಕೆ ಹೋದ್ರೆ ಬೆರಳು ಎಲ್ಲಿ ಹೋಗುತ್ತೆ? ಸೀದಾ ಟ್ರಿಗರಿಗೆ."

"ಬೀಳೋದಕ್ಕೆ ಕೈ ಒಡ್ಡಬೇಡಿ ಅಂತ ಕಲಿಸಿದವಳು ನೀನೇ ತಾನೆ? ಅವರು ನೀನು ಹೇಳಿದ ಹಾಗೇ ಎರಡೂ ಕೈ ಮೇಲೆತ್ತಿದ್ರು. ನಿನ್ನ ಪಿಸ್ತೂಲಿಗಿರೋ ಮರ್ಯಾದೆ ನಿನ್ನ ಅಳಿಯನಿಗಿಲ್ಲ ಬಿಡು."

ಹೇಳಿ ಮಹಡಿ ಹತ್ತಿದಳು. ನಮ್ಮ ಮನೆಯವರು ಪತ್ರಿಕೆಯಿಂದ ತಲೆ ಎತ್ತದೆ ಎಲ್ಲವನ್ನೂ ಕೇಳಿಸಿಕೊಂಡರು. ಅವರು ಮೂವತ್ತು ವರ್ಷ ಬಸ್ ಕಂಡಕ್ಟರ್ ಆಗಿದ್ದವರು. ನನ್ನ ಪರ ಒಂದು ಮಾತು ಬರುತ್ತದೇನೋ ಎಂದು ಕಾದೆ.

"ಬಸ್ಸಲ್ಲಿ ನೋಡಿದ್ದೀನಿ. ಟಿಕೆಟ್ ತಗೊಳ್ದೋನೇ ಎಲ್ಲರಿಗಿಂತ ಜೋರಾಗಿ ಜಗಳ ಆಡೋದು," ಎಂದರು.

ಈ ಮಾತು ಯಾರಿಗೆ ಹೇಳಿದರೋ ಗೊತ್ತಿಲ್ಲ. ಕೇಳಲೂ ಇಲ್ಲ. ಅವರಿಗೂ ಇವತ್ತು ಚಹಾ ಮಾಡಿಕೊಡಲಿಲ್ಲ.

ಮಾರ್ಚ್ ೮, ಶನಿವಾರ

ಮಹಡಿಯ ಮೇಲೆ ನಡೆದಾಡುವ ಸದ್ದು. ಕೆಲಸವಿಲ್ಲದ ಗಂಡಸು ಇಡೀ ದಿನ ಎಷ್ಟು ನಡೆಯುತ್ತಾನೆ.

ಮಾರ್ಚ್ ೯, ಭಾನುವಾರ

ಆಸ್ಪತ್ರೆಗೆ ಹೋಗಿ ಗಡಿಯಾರನನ್ನು ನೋಡಿಬಂದೆ. ನೆಲಕ್ಕೆ ಬಡಿದು ಒಡೆದ ಗುಂಡಿನ ಚೂರು ಮೀನಖಂಡ ಸೀಳಿಕೊಂಡು ಹೋಗಿದೆ. ಮೂಳೆಗೆ ತಾಗಿಲ್ಲ. ಕಾಲನ್ನು ದಿಂಬಿನ ಮೇಲೆ ಏರಿಸಿಟ್ಟುಕೊಂಡು ಗೋಡೆಯ ಗಡಿಯಾರ ನಾಲ್ಕು ನಿಮಿಷ ಹಿಂದಿದೆ ಎಂದು ನರ್ಸಿಗೆ ದೂರು ಹೇಳುತ್ತಿದ್ದ.

"ಅಕ್ಕ, ನನ್ನ ಯಾರೂ ಏನೂ ಕೇಳಲೇ ಇಲ್ಲ," ಎಂದ. "ಪೊಲೀಸಿನವರು ಹೆಸರು, ವಯಸ್ಸು ಬರ್ಕೊಂಡ್ರು. ಇಸ್ತ್ರಿ ಸಾಹೇಬ್ರು ಹಣ್ಣು ಕಳಿಸಿದ್ರು. ನಾನು ಅವನ ಎದುರಿಗೇ ಕೂತಿದ್ದೆ. ಬೀಳೋವಾಗ ಅವನ ಎರಡೂ ಕೈ ಮೇಲಿತ್ತು. ಇದೇನು ಶರಣಾದವರ ಥರ ನಿಂತಿದ್ದಾನೆ ಅಂತ ನಗು ಬಂತು ನನಗೆ. ನಗೋಕೆ ಮುಂಚೇನೇ ಹೊಡೀತು."

"ನೋವಿನ ಔಷಧಿ ಕೊಟ್ಟಿದ್ದಾರೆ ನಿನಗೆ. ಏನೇನೋ ಕಂಡಿರುತ್ತೆ."

"ಔಷಧಿ ಕೊಟ್ಟಿದ್ದು ಐದೂ ಕಾಲಿಗೆ. ಹೊಡೆದಿದ್ದು ನಾಲ್ಕೂ ಹತ್ತಕ್ಕೆ."

ಬೇಗ ಎದ್ದು ಬಂದೆ. ಬಸ್ಸಿನಲ್ಲಿ ಕೂತಾಗ ಸಿಟ್ಟು ಬರುತ್ತಿತ್ತು, ಯಾರ ಮೇಲೆ ಎಂದು ಸರಿಯಾಗಿ ತಿಳಿಯಲಿಲ್ಲ. ಕಾಲು ಸೀಳಿಸಿಕೊಂಡವನೇ ಅಳಿಯನ ಪರ ನಿಂತರೆ ನಾನೇನು ಮಾಡಲಿ.

ಮಾರ್ಚ್ ೧೦, ಸೋಮವಾರ

ಬಟ್ಟೆ ಬದಲಿಸುವ ಕೋಣೆ ಖಾಲಿ ಇದ್ದಾಗ ಒಳಗೆ ಹೋಗಿ, ಕನ್ನಡಕ ಹಾಕಿಕೊಂಡು, ನೆಲದ ಮೇಲೆ ಮೊಣಕಾಲೂರಿ ಕೂತೆ. ಯಾರಾದರೂ ನೋಡಿದ್ದರೆ ಓಲೆ ಕಳೆದುಕೊಂಡಿದ್ದಾಳೆ ಅಂದುಕೊಳ್ಳುತ್ತಿದ್ದರು.

ಕಲ್ಲಿನ ನೆಲದಲ್ಲಿ ಗುಂಡು ಕಿತ್ತ ಗುಳಿಯಿದೆ. ಅದರ ಅಂಚಿಗೆ ಉಗುರಿನ ಆಕಾರದ ಒಂದು ಗೀರು. ನಳಿಗೆಯ ಬಾಯಿಯ ಅಂಚು ಬಡಿದದ್ದು. ಸುತ್ತ ನಾಣ್ಯದಷ್ಟಗಲ ಕಪ್ಪು ಮಸಿ, ಅದಕ್ಕಿಂತ ಆಚೆ ಒಂದು ಚುಕ್ಕೆಯೂ ಇಲ್ಲ. ಕೈಯಲ್ಲಿ ಹಿಡಿದು ಮೇಲಿನಿಂದ ಹೊಡೆದಿದ್ದರೆ ಮಸಿ ತಟ್ಟೆಯಗಲ ಹರಡಿರಬೇಕಿತ್ತು, ಉಗುರಿನ ಗೀರು ಇರಬಾರದಿತ್ತು. ಅಂದರೆ ಗುಂಡು ಹಾರಿದ ಕ್ಷಣದಲ್ಲಿ ಪಿಸ್ತೂಲಿನ ಬಾಯಿ ನೆಲಕ್ಕೆ ಅಂಟಿಕೊಂಡಿತ್ತು.

ಕುಕ್ಕರುಗಾಲಲ್ಲಿ ಕೂತು ನೆಲಕ್ಕೆ ಒತ್ತಿ ಹೊಡೆಯಲು ಅಳಿಯನಿಗೇನು ಹುಚ್ಚೆ.

ಒಂದು ಮಾತು ಬರೆಯಬೇಕು. ದೊಡ್ಡದೇನಲ್ಲ, ಆದರೂ ಬರೆದಿಡುತ್ತೇನೆ. ಹೋದ ನವೆಂಬರಿನಲ್ಲಿ ವಾರ್ಷಿಕ ಗುರಿ ಪರೀಕ್ಷೆ ಇತ್ತು. ಅದರಲ್ಲಿ ಫೇಲಾದವರು ಮನೆಗೆ. ಈ ಮಾದರಿಯ ಪಿಸ್ತೂಲಿನ ಟ್ರಿಗರ್ ಬಿಗಿ, ಬಾವಿಯಿಂದ ಕೊಡ ಸೇದಿದ ಹಾಗೆ ಆಗುತ್ತದೆ ಎಂದು ಕಾವಲುಗಾರರು, ಅದರಲ್ಲೂ ತೆಳು ಬೆರಳಿನ ಹೆಣ್ಣುಮಕ್ಕಳು, ನನ್ನ ಬಳಿ ಬಂದು ಅತ್ತಿದ್ದರು. ಬ್ಲಾಕಿನ ಆ ಪುಟ್ಟ ಸ್ಪ್ರಿಂಗಿನಿಂದ ಒಂದು ಸುತ್ತು ಕತ್ತರಿಸಿದೆ. ಒಂದೇ ಸುತ್ತು. ಟ್ರಿಗರ್ ಹಗುರವಾಯಿತು. ಹದಿನಾಲ್ಕು ಜನ ಕೇಳಿದರು, ಹದಿನಾಲ್ಕು ಜನಕ್ಕೂ ಮಾಡಿಕೊಟ್ಟೆ, ಹದಿನಾಲ್ಕು ಜನರೂ ಪಾಸಾದರು. ಅವತ್ತು ನನ್ನ ಕೋಣೆಯ ಮುಂದೆ ಚಪ್ಪಾಳೆ ತಟ್ಟಿದರು. ಅಳಿಯನೂ ಅವರಲ್ಲಿ ಒಬ್ಬ. ರಿಜಿಸ್ಟರಿನಲ್ಲಿ ಬರೆಯಲಿಲ್ಲ. ಬರೆಯುವಂಥ ಕೆಲಸವೇ ಅದು? ನೂರು ಜನ ಮಾಡುತ್ತಾರೆ.

ಮಾರ್ಚ್ ೧೧, ಮಂಗಳವಾರ

ಒಂದು ಸುತ್ತು ಸ್ಪ್ರಿಂಗ್ ಕತ್ತರಿಸಿದ್ದಕ್ಕೆ ಆಕಾಶ ಕಳಚಿ ಬೀಳುವುದಿಲ್ಲ.

ನಾಲ್ಕು ತಿಂಗಳು ಎಲ್ಲ ಸರಿಯಾಗಿಯೇ ಇತ್ತಲ್ಲ.

ಮಾರ್ಚ್ ೧೨, ಬುಧವಾರ

ಬಾಯಿಗೆ ಬಂದದ್ದೆಲ್ಲ ಬರೆದು ಸಮಾಧಾನ ಮಾಡಿಕೊಳ್ಳುವ ಹೆಂಗಸಲ್ಲ ನಾನು. ಪರೀಕ್ಷಿಸಿ ನೋಡಿದೆ.

ಮಧ್ಯಾಹ್ನ ಊಟದ ಹೊತ್ತಿಗೆ ಕೋಣೆಯ ಬಾಗಿಲು ಹಾಕಿಕೊಂಡೆ. ಸಿಮೆಂಟಿನ ನೆಲದ ಮೇಲೆ ರಬ್ಬರ್ ಹಾಸು ಹಾಸಿದೆ. ಗುಂಡೂ ಇಲ್ಲದ, ಮದ್ದೂ ಇಲ್ಲದ, ಬೆನ್ನಿನಲ್ಲಿ ಕಿಡಿ ಹೊತ್ತುವ ಕ್ಯಾಪ್ ಮಾತ್ರ ಇರುವ ಖಾಲಿ ಕಾಡತೂಸುಗಳನ್ನು ತಯಾರು ಮಾಡಿಕೊಂಡೆ. ಪಿನ್ನು ತಾಗಿದರೆ ಟಪ್ ಎನ್ನುತ್ತದೆ, ಅಷ್ಟೇ. ಮೊದಲು ನಾನು ಕತ್ತರಿ ಹಾಕದ ಪಿಸ್ತೂಲು. ಎದೆಯ ಎತ್ತರದಿಂದ ಬಾಯಿ ಕೆಳಗೆ ಮಾಡಿ, ಬೆನ್ನು ಕೆಳಗೆ ಮಾಡಿ, ಎಡಕ್ಕೆ, ಬಲಕ್ಕೆ, ಹನ್ನೆರಡು ಸಲ ಬೀಳಿಸಿದೆ. ಏನೂ ಆಗಲಿಲ್ಲ. ಅದರ ಮೈ ತಟ್ಟಿ ಪಕ್ಕಕ್ಕಿಟ್ಟೆ.

ಆಮೇಲೆ ಕತ್ತರಿಸಿದ್ದು, ರಜೆಯಲ್ಲಿದ್ದವಳೊಬ್ಬಳದು. ಬಾಯಿ ಕೆಳಗೆ. ಮೊದಲ ಸಲ ಏನಿಲ್ಲ. ಎರಡನೇ ಸಲ ಏನಿಲ್ಲ. ನೋಡಿದೆಯಾ ಎಂದು ಜೋರಾಗಿಯೇ ಅಂದೆ. ಮೂರನೇ ಸಲ ಟಪ್ ಎಂದಿತು.

ಅಷ್ಟು ಸಣ್ಣ ಸದ್ದಿಗೆ ಸ್ಟೂಲಿನ ಮೇಲೆ ಕೂತೆ. ಹೊಸ ಕ್ಯಾಪ್ ಹಾಕಿ ಮತ್ತೆ ಬೀಳಿಸಿದೆ. ಐದನೆಯದಕ್ಕೆ ಮತ್ತೆ ಟಪ್. ಬಿಚ್ಚಿ ನೋಡಿದರೆ ಮೋಟು ಸ್ಪ್ರಿಂಗ್ ನಾಲ್ಕು ತಿಂಗಳಲ್ಲಿ ಇನ್ನೂ ಕುಗ್ಗಿ ಸುಸ್ತಾಗಿದೆ. ಬ್ಲಾಕ್ ಅರ್ಧ ದಾರಿಯಲ್ಲೇ ನಿಂತುಬಿಟ್ಟಿದೆ. ಪಿನ್ನಿಗೆ ಅಡ್ಡ ಯಾರೂ ಇಲ್ಲ.

ಬಿದ್ದ ಪಿಸ್ತೂಲು ಹೊಡೆಯುತ್ತದೆ. ನನ್ನ ಕೈಯಿಂದ ಹೋದ ಪಿಸ್ತೂಲು.

ಖಾಲಿ ಇದೆ ಎಂದು ಸ್ವಂತ ತಾಯಿ ಹೇಳಿದರೂ ತೆಗೆದು ನೋಡದೆ ನಂಬಬೇಡಿ ಎಂದು ಬಂದವರಿಗೆಲ್ಲ ಪಾಠ ಹೇಳುತ್ತೇನೆ. ಮೊಹರು ಹಾಕಿದ ಚೀಲದೊಳಗಿನ ಪಿಸ್ತೂಲನ್ನು ಕಣ್ಣಿಂದಲೂ ನೋಡದೆ, ದೋಷವಿಲ್ಲ ಎಂದು ದೊಡ್ಡದಾಗಿ ಸಹಿ ಮಾಡಿದವಳೂ ನಾನೇ. ನನಗೆ ನಾಚಿಕೆಯಾಗುತ್ತಿದೆ. ನಾಚಿಕೆಗಿಂತ ಹೆಚ್ಚಾಗಿ ಭಯವಾಗುತ್ತಿದೆ, ಯಾಕೆಂದರೆ ಉಳಿದವು ಈಗಲೂ ಜನರ ಸೊಂಟದಲ್ಲಿವೆ.

ಹೊಲಿಗೆ ಯಂತ್ರದ ಕಾಲದಿಂದ ನನಗೊಂದು ಚಾಳಿ. ಕತ್ತರಿಸಿದ್ದು, ಬಿಚ್ಚಿದ್ದು ಯಾವುದನ್ನೂ ಎಸೆಯುವುದಿಲ್ಲ. ಆ ತುಂಡುಗಳೆಲ್ಲ ಪೆಪ್ಪರಮೆಂಟಿನ ಹಳೇ ಡಬ್ಬಿಯಲ್ಲಿದ್ದವು. ಕಾಗದದ ಮೇಲೆ ಸುರಿದು ಎಣಿಸಿದೆ. ಈ ಪುಸ್ತಕದ ಹಿಂದಿನ ಪುಟದಲ್ಲಿ ನವೆಂಬರಿನಲ್ಲಿ ಗುರುತು ಹಾಕಿದ್ದು ಹದಿನಾಲ್ಕು ನಂಬರು. ಡಬ್ಬಿಯಲ್ಲಿ ಹದಿನೈದು ತುಂಡು.

ಮೂರು ಸಲ ಎಣಿಸಿದೆ. ಹದಿನೈದು.

ಮಾರ್ಚ್ ೧೩, ಗುರುವಾರ

ಪಾಳಿಗಿಂತ ಒಂದು ಗಂಟೆ ಮೊದಲೇ ಹೋದೆ. ಹದಿನಾಲ್ಕರಲ್ಲಿ ಒಂದು ಪೊಲೀಸರ ಬಳಿ. ಉಳಿದ ಹದಿಮೂರನ್ನು ಸ್ಟ್ಯಾಂಡಿನಿಂದ ಇಳಿಸಿ, ಕೆಂಪು ಬಟ್ಟೆಯ ಪಟ್ಟಿ ಕಟ್ಟಿ, ಪೆಟ್ಟಿಗೆಗೆ ಹಾಕಿ ಬೀಗ ಜಡಿದೆ. ಎಂಟು ಗಂಟೆಗೆ ಆ ಪಿಸ್ತೂಲುಗಳ ಕಾವಲುಗಾರರು ಕಿಟಕಿಯ ಮುಂದೆ ಸಾಲುಗಟ್ಟಿದರು. ಕೊಡುವುದಿಲ್ಲ ಎಂದೆ. ಯಾಕೆ ಎಂದರು. "ನಾನು ನವೆಂಬರಿನಲ್ಲಿ ಮಾಡಿಕೊಟ್ಟ ಉಪಕಾರಾನ ವಾಪಸ್ ತಗೊಳ್ತಾ ಇದ್ದೀನಿ," ಎಂದೆ. ಪಿಸ್ತೂಲಿಲ್ಲದೆ ವ್ಯಾನು ಹೊರಡುವಂತಿಲ್ಲ. ಅವರ ಏಳು ವ್ಯಾನುಗಳು ಅಂಗಳದಲ್ಲಿ ಹಾರ್ನ್ ಹೊಡೆಯುತ್ತಾ ನಿಂತವು. ಎಂಟೂವರೆಗೆ ಇಸ್ತ್ರಿಯವರ ಕರೆ ಬಂತು.

ಎಲ್ಲವನ್ನೂ ಹೇಳಿದೆ. ಸ್ಪ್ರಿಂಗು, ನೆಲದ ಗುರುತು, ರಬ್ಬರ್ ಹಾಸಿನ ಪರೀಕ್ಷೆ. ನನ್ನ ಹೇಳಿಕೆ ವಾಪಸ್ ಕೊಡಿ, ಬೇರೆ ಬರೆದುಕೊಡುತ್ತೇನೆ ಎಂದೆ. ಅವರು ಪೂರ್ತಿ ಕೇಳಿಸಿಕೊಂಡು, ಬಾಗಿಲು ಹಾಕಿಸಿದರು.

"ಯಾರನ್ನ ಕೇಳಿ ಬೀಗ ಹಾಕಿದ್ರಿ?"

"ಬೀಗದ ಕೈ ನನ್ನ ಹತ್ರ ಇರೋವಾಗ ಯಾರನ್ನ ಕೇಳ್ಬೇಕು ಸಾರ್."

"ನೋಡೀಮ್ಮ, ಇವತ್ತು ಸಂಜೆಯೊಳಗೆ ಹದಿಮೂರಕ್ಕೂ ಹೊಸ ಸ್ಪ್ರಿಂಗ್ ಹಾಕಿ. ಮುಗೀತು. ಇದು ಹೊರಗೆ ಹೋದ್ರೆ ಆಯುಧದ ಕೋಣೆಯ ಲೈಸೆನ್ಸೇ ಹೋಗುತ್ತೆ. ಇಷ್ಟು ವರ್ಷ ದುಡಿದ ಹೆಸರು ನಿಮ್ಮದು. ಯಾಕೆ ಮಣ್ಣು ಮಾಡ್ಕೊಳ್ತೀರಿ?"

"ಪೊಲೀಸರ ಹತ್ರ ಇರೋದು?"

"ಅದನ್ನ ಪರೀಕ್ಷಕರು ಮೇಲೆ ಮೇಲೆ ನೋಡ್ತಾರೆ. ನಿಮ್ಮ ಹೇಳಿಕೆ ಇದೆಯಲ್ಲ."

"ನನ್ನ ಅಳಿಯ?"

"ಅವನಿಗೆ ಇನ್ನೂ ವಯಸ್ಸಿದೆ. ಬೇರೆ ಕೆಲಸ ಸಿಗುತ್ತೆ."

ಸುಳ್ಳು ಬರೆಯುವುದಿಲ್ಲ, ಇದು ನನ್ನ ಪುಸ್ತಕ. ಒಂದು ಕ್ಷಣ ನನ್ನ ಮನಸ್ಸು ವಾಲಿತು. ಹೊಸ ಸ್ಪ್ರಿಂಗುಗಳ ಪೊಟ್ಟಣ ನನ್ನ ಮೇಜಿನ ಎರಡನೇ ಡ್ರಾಯರಿನಲ್ಲಿದೆ ಎಂಬುದೂ ನೆನಪಾಯಿತು. ಹದಿಮೂರು ಪಿಸ್ತೂಲು, ನಾಲ್ಕು ಗಂಟೆಯ ಕೆಲಸ. ಬೆಕ್ಕು ಕಣ್ಣು ಮುಚ್ಚಿಕೊಂಡು ಹಾಲು ಕುಡಿದ ಹಾಗೆ ಕುಡಿದುಬಿಡಬಹುದಿತ್ತು.

ಅಷ್ಟರಲ್ಲಿ ಸಾಹೇಬರು ಮಾತು ಮುಗಿಯಿತು ಎಂಬಂತೆ ಕುರ್ಚಿಯಲ್ಲಿ ಹಿಂದಕ್ಕೆ ಒರಗಿ ಸೊಂಟದ ಬೆಲ್ಟನ್ನು ಸರಿಮಾಡಿಕೊಂಡರು. ಚರ್ಮದ ಚೀಲ ಕಿರ್ ಎಂದಿತು. ಅದರೊಳಗೆ ಅವರ ಸ್ವಂತ ಪಿಸ್ತೂಲು. ಕಂಪನಿಯದಲ್ಲ, ಸ್ಟ್ಯಾಂಡಿಗೆ ಬರುವುದಿಲ್ಲ, ನನ್ನ ಪಟ್ಟಿಯಲ್ಲೂ ಇಲ್ಲ. ಆದರೆ ಅದೇ ಮಾದರಿಯದು. ನವೆಂಬರಿನಲ್ಲಿ ಒಂದು ಮಧ್ಯಾಹ್ನ ಗುಮಾಸ್ತ ಅದನ್ನು ಕರವಸ್ತ್ರದಲ್ಲಿ ಸುತ್ತಿ ತಂದು, ಸಾಹೇಬರಿಗೂ ಸ್ವಲ್ಪ ಹಗುರ ಬೇಕಂತೆ ಎಂದಿದ್ದ. ಹತ್ತು ನಿಮಿಷದಲ್ಲಿ ಮಾಡಿಕೊಟ್ಟಿದ್ದೆ.

ಹದಿನೈದನೆಯ ತುಂಡು.

"ಸಾರ್, ಕೈ ಅಲ್ಲಿಂದ ತೆಗೀರಿ. ನಿಧಾನವಾಗಿ ಏಳಿ," ಎಂದೆ.

"ಏನಂದ್ರಿ?"

"ನಿಮ್ಮ ಸೊಂಟದಲ್ಲಿರೋದೂ ನಾನೇ ಕತ್ತರಿಸಿದ್ದು. ಮರಳಿನ ಡ್ರಮ್ಮಿನ ಹತ್ರ ಹೋಗೋಣ ಬನ್ನಿ. ಬೆಲ್ಟ್ ಇಲ್ಲಿ ಬಿಚ್ಚಬೇಡಿ."

ಅಂಗಿಯ ಮಡಿಕೆ ಹಾಗೇ ಇತ್ತು, ಮುಖದ್ದು ಮಾತ್ರ ಕೆಟ್ಟಿತು. ಎದ್ದರು. ಅಂಗಳದಲ್ಲಿ ಕಾವಲುಗಾರರು ದಾರಿ ಬಿಟ್ಟು ನಿಂತರು. ಡ್ರಮ್ಮಿನ ಮುಂದೆ ಸಾಹೇಬರು ಮ್ಯಾಗಜಿನ್ ತೆಗೆದು, "ಖಾಲಿ," ಎಂದು ಪಿಸ್ತೂಲನ್ನು ನನ್ನ ಕಡೆ ಚಾಚಿದರು. ಅದರ ಬಾಯಿ ನನ್ನ ಹೊಟ್ಟೆಯನ್ನೇ ನೋಡುತ್ತಿತ್ತು.

ನಾನು ಪಕ್ಕಕ್ಕೆ ಸರಿದು, "ಮರಳಿಗೆ ತಿರುಗಿಸಿ. ಈಗ ಸ್ಲೈಡ್ ಎಳೀರಿ," ಎಂದೆ.

ಎಳೆದರು. ಒಳಗಿದ್ದ ಕಾಡತೂಸು ಚಂಗನೆ ಹಾರಿ ಅವರ ಬೂಟಿನ ಪಕ್ಕ ಬಿತ್ತು. ಇಷ್ಟು ದಿನ ಅದನ್ನು ಸೊಂಟದಲ್ಲಿಟ್ಟುಕೊಂಡು ಊರು ತಿರುಗಿದ್ದಾರೆ. ಮನೆಯಲ್ಲಿ ಊಟದ ಮೇಜಿನ ಮೇಲೂ ಇಟ್ಟಿರುತ್ತಾರೆ, ಸಂಶಯವೇ ಇಲ್ಲ. ಕಾವಲುಗಾರರಲ್ಲಿ ಒಬ್ಬರೂ ನಗಲಿಲ್ಲ.

"ಇದಕ್ಕೆ ರಸೀದಿ ಕೊಡ್ತೀನಿ ಸಾರ್," ಎಂದು ಪಿಸ್ತೂಲನ್ನು ತೆಗೆದುಕೊಂಡು ಬಂದೆ. ಸಂಜೆ ನಾನೇ ಪೊಲೀಸ್ ಠಾಣೆಗೆ ಹೋಗಿ ಹೊಸ ಹೇಳಿಕೆ ಬರೆದುಕೊಟ್ಟೆ. ಮೂರು ಪುಟವಾಯಿತು.

ಮಾರ್ಚ್ ೧೫, ಶನಿವಾರ

ಗಡಿಯಾರನ ಬಳಿ ಹೋಗಿ ಹೇಳಿದೆ. "ನಿನ್ನ ಕಾಲಿಗೆ ಹೀಗಾಗಿದ್ದು ನನ್ನಿಂದ," ಎಂದೆ. ಎಲ್ಲ ವಿವರಿಸಿದೆ. ಹೇಳುವಾಗ ಅವನ ಕಾಲನ್ನು ನೋಡಿಕೊಂಡೇ ಹೇಳಿದೆ.

ಅವನು ಗೋಡೆಯ ಗಡಿಯಾರ ನೋಡಿದ.

"ಈಗ ಐದೂವರೆ. ಭೇಟಿ ಸಮಯ ಆರಕ್ಕೆ ಮುಗಿಯುತ್ತೆ. ಅಲ್ಲೀವರೆಗೂ ಕೂತ್ಕೊಳ್ಳಿ ಅಕ್ಕ," ಎಂದ.

ಕೂತೆ. ಆರಕ್ಕೆ ಎದ್ದು ಬಂದೆ.

ಮಾರ್ಚ್ ೧೭, ಸೋಮವಾರ

ಸರಕಾರದ ಪರೀಕ್ಷಕರು ಬಂದರು. ನನ್ನ ವಯಸ್ಸಿನವರೇ, ನನ್ನದಕ್ಕಿಂತ ದಪ್ಪ ಕನ್ನಡಕ. ಮೊಹರು ಒಡೆದು ಅಳಿಯನ ಪಿಸ್ತೂಲಿಗೆ ಕ್ಯಾಪ್ ಮಾತ್ರ ಇರುವ ಖಾಲಿ ಕಾಡತೂಸು ಹಾಕಿ ಎಲ್ಲರೆದುರು ಬೀಳಿಸಿದರು. ಎರಡನೇ ಸಲಕ್ಕೇ ಟಪ್ ಎಂದಿತು. ಅಳಿಯ ಕಣ್ಣು ಮುಚ್ಚಿಕೊಂಡ.

"ಇದನ್ನ ಕತ್ತರಿಸಿದ್ದು ಯಾರು?"

"ನಾನು."

"ಯಾರಾದರೂ ಹೇಳಿದ್ರಾ?"

"ಕೇಳಿದ್ರು. ಆದರೆ ಕತ್ತರಿ ನನ್ನ ಕೈಲಿತ್ತು."

ಇಸ್ತ್ರಿಯವರು, ಈ ವಿಷಯ ಆಡಳಿತಕ್ಕೆ ಗೊತ್ತೇ ಇರಲಿಲ್ಲ ಎಂದರು. ನಾನು ಪೆಪ್ಪರಮೆಂಟಿನ ಡಬ್ಬಿ ತೆರೆದು ಮೇಜಿನ ಮೇಲೆ ಬಿಳಿ ಕಾಗದ ಹಾಸಿ ಒಂದೊಂದಾಗಿ ಎಣಿಸಿದೆ. ಹದಿನಾಲ್ಕಕ್ಕೆ ನಂಬರು ಹೇಳಿದೆ. ಹದಿನೈದನೆಯದನ್ನು ಬೆರಳಿನಿಂದ ಸಾಹೇಬರ ಕಡೆ ತಳ್ಳಿ, ಅವರ ಪಿಸ್ತೂಲಿನ ರಸೀದಿಯ ನಕಲನ್ನೂ ಪಕ್ಕದಲ್ಲಿಟ್ಟೆ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ ಅವರ ಕೈ ಖಾಲಿ ಸೊಂಟಕ್ಕೆ ಹೋಯಿತು.

ಪರೀಕ್ಷಕರು ಬರೆದುಕೊಂಡು, "ಕಾವಲುಗಾರನ ತಪ್ಪೇನೂ ಇಲ್ಲ ಅಂತ ಆಯ್ತು," ಎಂದರು.

"ಇದೆ," ಎಂದೆ. ಎಲ್ಲರೂ ನನ್ನತ್ತ ತಿರುಗಿದರು. "ಡ್ರಮ್ಮಿನ ಹತ್ರ ಖಾಲಿ ಮಾಡದೆ ಒಳಗೆ ತಂದಿದ್ದಾನೆ. ಒಳಗೆ ಕಾಡತೂಸು ಇಲ್ಲದೇ ಇದ್ದಿದ್ರೆ ನನ್ನ ಸ್ಪ್ರಿಂಗ್ ಎಷ್ಟು ಮೋಟಾಗಿದ್ರೂ ಏನೂ ಆಗ್ತಿರಲಿಲ್ಲ. ಅದನ್ನೂ ಬರೀರಿ. ಬಿದ್ದಾಗ ಕೈ ಒಡ್ಡದೆ ಎರಡೂ ಕೈ ಎತ್ತಿ ನಿಂತಿದ್ದ, ಅದನ್ನೂ ಬರೀರಿ. ನಾನು ಅವನ ಮಾತು ನಂಬಲಿಲ್ಲ. ಅದನ್ನ ಬರೆಯೋಕೆ ನಿಮ್ಮ ಫಾರಮ್ಮಿನಲ್ಲಿ ಜಾಗ ಇದ್ರೆ ಅದನ್ನೂ ಬರೀರಿ."

ಜಾಗ ಇರಲಿಲ್ಲವಂತೆ.

ಮಾರ್ಚ್ ೧೮, ಮಂಗಳವಾರ

ಬೆಳಿಗ್ಗೆ ಅಳಿಯ ಕೆಳಗಿಳಿದು ಬಂದ. ಹದಿನೈದು ದಿನದ ಅಮಾನತು ಅಷ್ಟೇ, ಅದೂ ಮೂರನೇ ತಾರೀಖಿನಿಂದಲೇ ಲೆಕ್ಕ, ಪರವಾನಗಿ ವಾಪಸ್ ಬರುತ್ತದೆ ಎಂದು ಹೇಳಿದ. ಜೈಲಿನ ಮಾತಿಲ್ಲ.

"ಆ ಡ್ರಮ್ಮಿನ ವಿಷಯ ಹೇಳಲೇಬೇಕಿತ್ತಾ ಅತ್ತೆ?"

"ಬೇಕಿತ್ತು."

"ಹೇಳ್ತೀರಿ ಅಂತ ಗೊತ್ತಿತ್ತು. ನಿನ್ನೆ ಬೆಳಿಗ್ಗೇನೇ ಇವಳಿಗೆ ಹೇಳಿದ್ದೆ."

"ನಿನ್ನ ಮಾತು ನಾನು ನಂಬಬೇಕಿತ್ತು," ಎಂದೆ.

ಅವನು ತಲೆಯಾಡಿಸಿದ. ಹಿಂದೆಯೇ ಮಗಳು ಬಂದು, ನನ್ನ ಲೋಟ ಎತ್ತಿಕೊಂಡು ಅರ್ಧ ಚಹಾ ಕುಡಿದು ಕೆಳಗಿಟ್ಟಳು. ಸಕ್ಕರೆ ಜಾಸ್ತಿ ಎಂದಳು. ಮನೆಯವರು ಪತ್ರಿಕೆಯ ಹಿಂದಿನಿಂದ, "ಎಲ್ಲರದೂ ಟಿಕೆಟ್ ಆಯ್ತಾ?" ಎಂದರು.

ಮಾರ್ಚ್ ೩೧, ಸೋಮವಾರ

ಇನ್ನು ಮುಂದೆ ನಾನು ಯಾವ ಆಯುಧಕ್ಕೂ ಕೈ ಹಚ್ಚುವಂತಿಲ್ಲ. ಆದೇಶ ಬಂದಿದೆ. ನನ್ನ ಮೇಲೆ ಕೇಸೂ ಇದೆ, ನಡೆಸಲಿ. ಕೇಳಿದವರಿಗೆಲ್ಲ ಅದೇ ಮೂರು ಪುಟ ಹೇಳುತ್ತೇನೆ, ಒಂದಕ್ಷರ ಕಡಿಮೆ ಮಾಡುವುದಿಲ್ಲ. ಇಸ್ತ್ರಿಯವರು ದೀರ್ಘ ರಜೆಯ ಮೇಲಿದ್ದಾರೆ. ನಲವತ್ತೆರಡು ಪಿಸ್ತೂಲುಗಳನ್ನೂ ಬಿಚ್ಚಿ ನೋಡಿದ ಮೇಲೆಯೇ ವ್ಯಾನುಗಳು ಹೊರಟವು.

ಮಧ್ಯಾಹ್ನ ಬೀಗದ ಕೈ ಒಪ್ಪಿಸಲು ಹೋದೆ. ನನ್ನ ಜಾಗಕ್ಕೆ ಬಂದವನು ಮೂವತ್ತರ ಆಸುಪಾಸಿನ ಗಂಡಸು, ತುಂಬ ವಿನಯ. ಸ್ಟ್ಯಾಂಡಿನ ಪ್ರತಿಯೊಂದು ಪಿಸ್ತೂಲನ್ನೂ ತೆಗೆದು ನೋಡಿಯೇ ಸಹಿ ಹಾಕು ಎಂದೆ. ನೀವು ಹೇಳಿದರೆ ಸಾಕು, ನಂಬಿಕೆ ಇದೆ ಎಂದ. ಕೂರಿಸಿ ಸ್ಟ್ಯಾಂಡಿನಲ್ಲಿದ್ದ ಒಂದೊಂದನ್ನೂ ತೆಗೆಸಿ ತೋರಿಸಿದೆ. ಒಂದು ಗಂಟೆ ಹಿಡಿಯಿತು. ಅಷ್ಟರಲ್ಲಿ ಹಗಲು ಪಾಳಿಯವರು ಬಂದರು. ಕಿಟಕಿಯಿಂದ ನೋಡುತ್ತಿದ್ದೆ. ಅಳಿಯ ಡ್ರಮ್ಮಿನ ಮುಂದೆ ನಿಂತು, ಕಣ್ಣಿಂದ ನೋಡಿ, ಬೆರಳು ತೂರಿಸಿ ನೋಡಿ, ಮತ್ತೊಮ್ಮೆ ಬೆರಳು ತೂರಿಸಿ ನೋಡಿದ. ಗಡಿಯಾರ ಊರುಗೋಲು ಹಿಡಿದು ಪಕ್ಕದಲ್ಲೇ ನಿಂತಿದ್ದ. ಬರೀ ನೋಡಿ ಹೋಗಲು ಬಂದಿದ್ದನಂತೆ, ನಾಲ್ಕು ಗಂಟೆಗೆ ಸರಿಯಾಗಿ.

ನಾನು ಹೊರಗೆ ಬಂದಾಗ ಎಲ್ಲರೂ ಪಡಸಾಲೆಯಲ್ಲಿ ಎರಡು ಸಾಲಾಗಿ ನಿಂತಿದ್ದರು. ಹೊಸಬನಿಗೆ ಕೊಡಲೆಂದು ಬೀಗದ ಕೈಗೊಂಚಲನ್ನು ಸೊಂಟದಿಂದ ಬಿಚ್ಚಿದೆ. ಇಪ್ಪತ್ತೆರಡು ವರ್ಷ ಒಮ್ಮೆಯೂ ಜಾರದ್ದು ಬೆರಳಿನಿಂದ ಜಾರಿತು.

ಹೊಸಬ ಮಾತ್ರ ಗಾಬರಿಯಿಂದ ಕೈ ಚಾಚಿದ, ಸಿಗಲಿಲ್ಲ. ಉಳಿದ ಅಷ್ಟೂ ಜನರ ಕೈಗಳು ಒಟ್ಟಿಗೆ ಭುಜದ ಮಟ್ಟಕ್ಕೆ ಏರಿದವು. ಗೊಂಚಲು ಕಲ್ಲಿನ ನೆಲಕ್ಕೆ ಬಿದ್ದು ಸದ್ದು ಮಾಡಿ ಸುಮ್ಮನಾಯಿತು. ನಾನೇ ಬಗ್ಗಿ ಎತ್ತಿಕೊಂಡು, ಅವನ ಕೈಗೆ ಕೊಟ್ಟೆ.